ಸೈಲೋಟಮ್ ಮೊಳೆಯುವುದು ಕತ್ತಲಲ್ಲೇ

ಸೈಲೋಟಮ್ ನ್ಯೂಡಮ್ ಎಂಬ ಹೂಬಿಡದ, ಕಡ್ಡಿಯಂಥ ಗಿಡದ ಸ್ಪೋರು (ಬೀಜದ ಬದಲಿಗಿರುವ ಧೂಳಿನಂಥ ಕಣ) ಅಗಾರ್ ಎಂಬ ಜೆಲ್ಲಿಯ ಮೇಲೆ ಮೊಳೆಯುವುದಿಲ್ಲ, ಬೇರೆ ಕೆಲಸ ನೋಡಿ ಎಂದವರೇ ಹೆಚ್ಚು. ನಮ್ಮ ಮೂರನೇ ಸುತ್ತಿನಲ್ಲಿ ನಲವತ್ತು ಪ್ಲೇಟುಗಳ ಪೈಕಿ ಹನ್ನೊಂದೋ ಹನ್ನೆರಡೋ ಪ್ಲೇಟಿನಲ್ಲಿ ಮೊಳೆತವು.

ಮೊದಲ ಸುತ್ತು ಕೆಟ್ಟದ್ದು ಬೆಳಕಿನಿಂದ. ಟೆರಿಸ್ ಜರಿಗಿಡದ ಪ್ಲೇಟು ಎರಡು ವಾರದಲ್ಲಿ ಹಸಿರಾಯಿತು, ಪಕ್ಕದಲ್ಲಿದ್ದ ಸೈಲೋಟಮ್ ಮೂರು ತಿಂಗಳಾದರೂ ಅಲುಗಲಿಲ್ಲ. ಅಗಾರ್, ಪೆಟ್ರಿ ಡಿಶ್ ಸೇರಿ ನಾಲ್ಕು ಸಾವಿರ ರೂಪಾಯಿಯಷ್ಟು ನೀರಿಗೆ ಹೋಯಿತು. ಎರಡನೇ ಸಲ ಕತ್ತಲಲ್ಲಿಟ್ಟರೂ ಬೂಷ್ಟು ಹಿಡಿಯಿತು. ಸ್ಪೋರು ಮೊಳೆತು ಆಗುವ, ವೀರ್ಯಾಣು ಮತ್ತು ಅಂಡ ಕೊಡುವ ಪುಟ್ಟ ಸಸ್ಯವೇ ಗ್ಯಾಮಿಟೋಫೈಟ್. ಸೈಲೋಟಮ್ಮಿನ ಗ್ಯಾಮಿಟೋಫೈಟಿಗೆ ಪತ್ರಹರಿತ್ತಿಲ್ಲ, ಸಕ್ಕರೆ ಕೊಡಲೇಬೇಕು. ಸಕ್ಕರೆ ಇದ್ದಲ್ಲಿ ಬಿಡಿ ಸ್ಪೋರಿಗಂಟಿದ ಒಂದು ಕಣ ಬೂಷ್ಟೂ ಸಾಕು.

ಹಾಗಾಗಿ ಬಿಡಿ ಸ್ಪೋರು ಬಿಟ್ಟು, ಹಳದಿಗೆ ತಿರುಗಿದ, ಇನ್ನೂ ಬಿರಿಯದ ಮೂರು ಹೋಳಿನ ಸೈನಾಂಜಿಯಮನ್ನೇ (ಸ್ಪೋರು ತುಂಬಿದ ಚೀಲಗಳ ಗುಂಪು) ಇಡಿಯಾಗಿ ಬ್ಲೀಚಿನಲ್ಲಿ ಅದ್ದಿದೆವು. ಒಂದು ಪಾಲು ಬ್ಲೀಚಿಗೆ ನಾಲ್ಕು ಪಾಲು ನೀರು, ಐದಾರು ನಿಮಿಷ. ಮೂರು ಸಲ ತೊಳೆದು, ಸೂಜಿಯಿಂದ ಬಿಡಿಸಿ ಚಿಮುಕಿಸುವುದು. ಬಿರಿದದ್ದನ್ನು ಅದ್ದಿದರೆ ಬ್ಲೀಚು ಒಳನುಗ್ಗಿ ಸ್ಪೋರು ಸಾಯುತ್ತದೆ. ಬ್ಲೀಚಿಗೆ ಬೆರೆಸಿದ ಇನ್ನೊಂದು ಹನಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಖನಿಜ ಲವಣದ ಅಗಾರಿಗೆ ಗ್ಲೂಕೋಸ್ ಮತ್ತು ಅಮೋನಿಯಂ ರೂಪದ ಸಾರಜನಕ ಹಾಕಿ, ಎರಡು ಸುತ್ತು ಫಾಯಿಲ್ ಸುತ್ತಿ ಬೀರುವಿನಲ್ಲಿಟ್ಟು ಮರೆಯಬೇಕು. ಆರು ತಿಂಗಳು ತೆರೆಯಬಾರದು.

ವರ್ಷದ ಹೊತ್ತಿಗೆ ಎರಡು ಮಿಲಿಮೀಟರಿನ, ಕಂದು ರೋಮ ಹೊತ್ತ ದುಂಡನೆಯ ಕಡ್ಡಿಗಳು ಕಂಡವು. ಟೆರಿಸಿನ ಹೃದಯಾಕಾರದ ಹಸಿರು ಹಾಳೆಗೆ ಇದು ಎಲ್ಲೂ ಹೋಲುವುದಿಲ್ಲ. ಹೋಲುವುದು ಮಣ್ಣೊಳಗೆ ಶಿಲೀಂಧ್ರವನ್ನು ನಂಬಿ ಬದುಕುವ, ಓಫಿಯೋಗ್ಲಾಸಮ್ ಎಂಬ ಜರಿಗಿಡದ ಗ್ಯಾಮಿಟೋಫೈಟನ್ನು. ಬೇರಿಲ್ಲ, ಎಲೆಯಿಲ್ಲ, ಕವಲೊಡೆದ ಹಸಿರು ಕಡ್ಡಿ ಎಂದು ಸೈಲೋಟಮನ್ನು ರೈನಿಯಾ ಎಂಬ ಅಳಿದುಹೋದ ಪುರಾತನ ಸಸ್ಯದ ಉಳಿಕೆಯೆಂದು ಬಹುಕಾಲ ಓದಿಸಿದರು. ಡಿಎನ್‌ಎ ಅದನ್ನು ಓಫಿಯೋಗ್ಲಾಸಮ್ಮಿನ ಪಕ್ಕಕ್ಕೆ ತಂದಿತು. ಜರಿಗಿಡ ಮತ್ತು ಅವುಗಳಂಥ ಸಸ್ಯಗಳನ್ನು ವಿಂಗಡಿಸಿದ 2016ರ ಪಿಪಿಜಿ ವರ್ಗೀಕರಣದಲ್ಲಿ ಎರಡೂ ಓಫಿಯೋಗ್ಲಾಸಿಡೇ ಉಪವರ್ಗದಲ್ಲಿವೆ, ಅಂದರೆ ಜರಿಗಿಡಗಳ ಒಳಗೇ. ಬೇರೂ ಎಲೆಯೂ ಮೊದಲಿಂದ ಇಲ್ಲದ್ದಲ್ಲ, ಕಳೆದುಹೋದದ್ದು.

ಸೈಲೋಟಮ್ಮಿನ ವೀರ್ಯಾಣುವಿಗೆ ಹಲವು ಕಶಾಂಗವಿದೆ (ಈಜಲು ನೆರವಾಗುವ ಬಾಲದಂಥ ಎಳೆ), ಹಾಗಾಗಿ ಜರಿಗಿಡ ಎಂದು ಅಷ್ಟಕ್ಕೇ ತೀರ್ಮಾನಿಸಬೇಡಿ. ಜರಿಗಿಡವಲ್ಲದ ಲೈಕೋಫೈಟ್ ಗುಂಪಿನ ಲೈಕೋಪೋಡಿಯಮ್, ಸೆಲಾಜಿನೆಲ್ಲಾಗಳಿಗೆ ಎರಡೇ ಕಶಾಂಗ, ನಿಜ. ಆದರೆ ಅದೇ ಗುಂಪಿನ ಐಸೋಯಿಟಿಸಿಗೆ ಹಲವು.

ಮಲೆನಾಡಿನ ರಸ್ತೆಬದಿಯ ದರೆಯಲ್ಲಿ ಬೆಳೆಯುವ, ಅದೇ ಲೈಕೋಫೈಟ್ ಗುಂಪಿನ ಲೈಕೋಪೋಡಿಯೆಲ್ಲಾ ಸರ್ನುವಾವನ್ನೂ ಹಾಕಿ ನೋಡಿದೆವು. ಅದಕ್ಕೆ ಬೆಳಕೇ ಬೇಕು, ಗ್ಯಾಮಿಟೋಫೈಟೂ ಹಸಿರು. ಕತ್ತಲ ಪ್ಲೇಟಿನಲ್ಲಿ ಒಂದೂ ಏಳಲಿಲ್ಲ. ಓಫಿಯೋಗ್ಲಾಸಮ್ಮಿನ ಹದಿನೈದು ಪ್ಲೇಟುಗಳಿಗೆ ಈಗ ಐದನೇ ತಿಂಗಳು, ಫಾಯಿಲ್ ಇನ್ನೂ ಬಿಚ್ಚಿಲ್ಲ.