ಕೊಲಂಬೊದಲ್ಲಿ ಸಿಗುತ್ತಾ ಇದು?

ವಾಸ್ಕೋದ ಗೋವಾ ಶಿಪ್‌ಯಾರ್ಡ್‌ನಲ್ಲಿ ಶ್ರೀಲಂಕಾ ನೌಕಾಪಡೆಗೆ ಎರಡು ಗಸ್ತು ಹಡಗು ಕಟ್ಟಿದರು. ಮೊದಲನೆಯದು ಸಯುರಾಲ, ಎರಡನೆಯದು ಸಿಂದುರಾಲ. ಒಪ್ಪಂದ ಆಗಿದ್ದು 2014ರಲ್ಲಿ. ನಾನು ಗುತ್ತಿಗೆದಾರರ ಕಡೆಯ ಎಲೆಕ್ಟ್ರಿಷಿಯನ್. ಕೇಬಲ್ ಎಳೆಯೋದು, ಪ್ಯಾನಲ್‌ಗೆ ಜೋಡಿಸೋದು, ಹಡಗು ಒಪ್ಪಿಸುವ ಹೊತ್ತಿಗೆ ಅವರ ಸಿಬ್ಬಂದಿಗೆ ಎಲ್ಲ ತೋರಿಸಿಕೊಡೋದು ನನ್ನ ಕೆಲಸ.

ಅವರ ಕಡೆಯ ಚೀಫ್, ಅಂದರೆ ಹಿರಿಯ ನಾವಿಕ, ಒಬ್ಬರಿದ್ದರು. ನನ್ನನ್ನು ‘ಮಲ್ಲಿ’ ಅಂತ ಕರೆಯುತ್ತಿದ್ದರು. ನಮ್ಮೂರು ಗದಗದ ಕಡೆ ಮಲ್ಲಿ ಅಂದರೆ ಮಲ್ಲಿಕಾರ್ಜುನ. ಸಿಂಹಳದಲ್ಲಿ ಅದು ತಮ್ಮ. ಪಂಪಿನ ಸ್ಟಾರ್ಟರ್ ತೋರಿಸಲಿ, ಒಂದು ಸಣ್ಣ ರಿಲೇ ತೋರಿಸಲಿ, ಪೂರ್ತಿ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ: “ಮಲ್ಲಿ, ಕೊಲಂಬೊದಲ್ಲಿ ಸಿಗುತ್ತಾ ಇದು?”

ನನಗೆ ಮೊದಲು ಅರ್ಥವಾಗಲಿಲ್ಲ. ಒಂದು ದಿನ ಅವರು ಪಾನಾ ಸುತ್ತಿಟ್ಟ ಬಟ್ಟೆ ಬಿಚ್ಚಿದರು. ಎರಡು ಸೆಟ್ ಇತ್ತು. ಒಂದು ಎಂಎಂದು, ಇನ್ನೊಂದು ಇಂಚಿನದು. ಇಂಚಿನದು ಯಾಕೆ ಅಂದೆ. ಅಮೆರಿಕದ ಕೋಸ್ಟ್ ಗಾರ್ಡ್ ಕೊಟ್ಟ ‘ಸಮುದುರ’ ಅನ್ನೋ ಹಳೇ ಹಡಗಿಗೆ ಅಂದರು. ‘ಸಯುರ’ ಅನ್ನೋ ಇನ್ನೊಂದು ಹಳೇ ಹಡಗು ನಮ್ಮ ದೇಶದಿಂದ ಹೋಗಿದ್ದು. ಡ್ವೋರಾ ದೋಣಿಗಳು ಇಸ್ರೇಲ್‌ದು. ಚೀನಾದ ಗನ್‌ಬೋಟ್‌ಗಳೂ ಇದ್ದವು. ಎಲ್ಲರ ಹತ್ತಿರ ತಗೊಂಡರೆ ಯಾರೊಬ್ಬರ ಹಂಗೂ ಜಾಸ್ತಿ ಇರಲ್ಲ. ಆದರೆ ಅದರ ಭಾರವೆಲ್ಲ ಬೀಳೋದು ಸ್ಟೋರ್ ನೋಡಿಕೊಳ್ಳುವವರ ತಲೆ ಮೇಲೆ. ಬಿಡಿಭಾಗ ಯಾರ ಕೈಲಿದೆಯೋ ಹಡಗಿನ ಜುಟ್ಟೂ ಅವರ ಕೈಲೇ, ಅಲ್ವಾ?

ನಾನು ಕೊಟ್ಟಿದ್ದ ಪಟ್ಟಿಯಲ್ಲಿ ಬರೀ ಪಾರ್ಟ್ ನಂಬರ್ ಇತ್ತು. ಅದು ನನ್ನ ತಪ್ಪು. ವಾಸ್ಕೋದ ಬೈನಾದಲ್ಲಿದ್ದ ರೂಮಿನಲ್ಲಿ ರಾತ್ರಿ ಕೂತು ಹೊಸದಾಗಿ ಬರೆದೆ. ಮೂರು ಕಾಲಂ ಮಾಡಿದೆ. ಫ್ಯೂಸ್, ಬಲ್ಬಿನಂಥವು ಯಾವ ಅಂಗಡಿಯಲ್ಲಾದರೂ ಸಿಗುತ್ತವೆ, ಅವು ಒಂದರಲ್ಲಿ. ಬೇರೆ ಕಂಪನಿಯದು ಹಾಕಿದರೂ ನಡೆಯುವಂಥವು ಎರಡನೆಯದರಲ್ಲಿ. ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಕಾಯಿಲ್ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ತಡೆಯುತ್ತೆ, ಸ್ಕ್ರೂ ತೂತುಗಳ ನಡುವೆ ಎಷ್ಟು ಅಂತರ, ಎಲ್ಲ ಅಳೆದು ಬರೆಯಬೇಕಿತ್ತು. ತೂತು ಕೂಡದಿದ್ದರೆ ಸಮುದ್ರದ ಮಧ್ಯೆ ಯಾರು ಡ್ರಿಲ್ ಹಿಡಿದು ಕೂರುತ್ತಾರೆ? ತಯಾರಿಸಿದವರೇ ಕೊಡಬೇಕಾದವು ಮೂರನೆಯ ಕಾಲಂಗೆ. ಅವುಗಳ ಮುಂದೆ ‘ಹಡಗಿನಲ್ಲೇ ಎರಡೆರಡು ಇರಲಿ’ ಅಂತ ಬರೆದೆ. ಚೀಫ್ ಓದಿ ನನ್ನ ಭುಜ ಹಿಡಿದುಕೊಂಡರು.

2017ರ ಜುಲೈ 29ರಂದು ಶ್ರೀಲಂಕಾದ ದಕ್ಷಿಣದ ಹಂಬನ್‌ತೋಟ ಬಂದರನ್ನು ಚೀನಾದ ಕಂಪನಿಗೆ 99 ವರ್ಷ ಗುತ್ತಿಗೆ ಕೊಡುವ ಒಪ್ಪಂದಕ್ಕೆ ಸಹಿ ಬಿತ್ತು. ನಾಲ್ಕು ದಿನ ಬಿಟ್ಟು, ಆಗಸ್ಟ್ 2ಕ್ಕೆ, ಕೊಲಂಬೊದಲ್ಲಿ ಸಯುರಾಲ ಅವರ ನೌಕಾಪಡೆಗೆ ಸೇರಿತು. ಬೈನಾದ ಚಹಾದಂಗಡಿಯಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು, “ನಿನ್ನ ದುಡಿಮೆ ನೀರಾಗ ಹೋತು ನೋಡೋ ತಮ್ಮಾ” ಅಂದರು. ನನಗೆ ಹಾಗೆ ಅನಿಸಲಿಲ್ಲ. ಗುತ್ತಿಗೆ ಕೊಟ್ಟರೂ ಬಂದರಿನ ಕಾವಲನ್ನು ಶ್ರೀಲಂಕಾದವರು ತಮ್ಮ ನೌಕಾಪಡೆಯ ಕೈಲೇ ಇಟ್ಟುಕೊಂಡರು. ಗಾಲ್‌ನಲ್ಲಿದ್ದ ದಕ್ಷಿಣದ ಕಮಾಂಡನ್ನು ಅಲ್ಲಿಗೇ ತರುತ್ತೇವೆ ಅಂತ 2018ರಲ್ಲಿ ಹೇಳಿದರು.

2022ರಲ್ಲಿ ಮಾತ್ರ ನೋವಾಯಿತು. ಆಗಸ್ಟ್ 15ಕ್ಕೆ ಭಾರತ ಅವರಿಗೆ ಕಡಲ ಗಸ್ತಿನ ಡಾರ್ನಿಯರ್ ವಿಮಾನ ಕೊಟ್ಟಿತು. ಮರುದಿನವೇ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಹಡಗು ಯುವಾನ್ ವಾಂಗ್ 5 ಹಂಬನ್‌ತೋಟಕ್ಕೆ ಬಂದು ನಿಂತಿತು. ಆಗ ಅಲ್ಲಿ ಪೆಟ್ರೋಲಿಗೂ ದುಡ್ಡಿರಲಿಲ್ಲ. ಸಾಲದಲ್ಲಿ ಮುಳುಗಿದವರು ಯಾರಿಗೆ ಅಂತ ಬೇಡ ಅನ್ನೋದು? 2024ರ ಜನವರಿಯಿಂದ ಒಂದು ವರ್ಷ ಯಾವ ದೇಶದ ಸಂಶೋಧನಾ ಹಡಗೂ ಬೇಡ ಅಂದರು. ಯಾರ ಹೆಸರನ್ನೂ ಎತ್ತದೆ ಎಲ್ಲರಿಗೂ ಬಾಗಿಲು ಹಾಕಿದ್ದು ಜಾಣತನ ಅಂತ ನನಗನಿಸಿತು.

2018ರಲ್ಲಿ ಸಿಂದುರಾಲ ಹೋಗುವಾಗ ಮೂರು ಕಾಲಂನ ಪಟ್ಟಿಯನ್ನು ಮೊದಲ ದಿನವೇ ಕೊಟ್ಟೆ. ಆಮೇಲೆ ಚೀಫ್ ನನಗೆ ಸಿಗಲಿಲ್ಲ. 2019ರಲ್ಲಿ ಅಮೆರಿಕದ ಗಜಬಾಹು, ಚೀನಾದ ಪರಾಕ್ರಮಬಾಹು ಎರಡೂ ಹಡಗು ಅವರ ನೌಕಾಪಡೆಗೆ ಸೇರಿದವು. ಚೀನಾದ ಪ್ಯಾನಲ್ ಮುಂದೆ ನಿಂತು, ಅಲ್ಲಿನ ಹುಡುಗನನ್ನೂ ಅವರು ಅದೇ ಪ್ರಶ್ನೆ ಕೇಳಿರುತ್ತಾರೆ.