ಸಿಇಟಿ ಆಪ್ಷನ್ ಎಂಟ್ರಿ: ಪಟ್ಟಿ ಬರೆಯುವ ಬಗೆ

ರ‍್ಯಾಂಕ್ ಬಂದ ಕೂಡಲೇ ಆಪ್ಷನ್ (ಇಂಜಿನಿಯರಿಂಗ್ ಸೀಟಿಗೆ ನಿಮಗೆ ಬೇಕಾದ ಬ್ರಾಂಚ್-ಕಾಲೇಜುಗಳ ಪಟ್ಟಿ) ತುಂಬಲು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪೋರ್ಟಲ್ ತೆರೆಯಬೇಡಿ. ಮೊದಲು ನೋಟ್‌ಬುಕ್‌ನಲ್ಲಿ ಬ್ರಾಂಚ್‌ಗಳನ್ನು ಬರೆಯಿರಿ, ಕಾಲೇಜಿನ ಹೆಸರು ಆಮೇಲೆ. ಹೆಸರು ಕೇಳಿ ಬ್ರಾಂಚ್ ಆರಿಸಬೇಡಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವೆಬ್‌ಸೈಟ್‌ನಲ್ಲಿರುವ ಸಿಲೆಬಸ್ ತೆಗೆದು, ಮೂರನೇ ಸೆಮಿಸ್ಟರ್‌ನಲ್ಲಿ ಏನೇನು ಓದಬೇಕು ನೋಡಿ. ಓದಿ ಬೇಸರ ಬಂದರೆ ಅದನ್ನು ಅಲ್ಲೇ ಹೊಡೆದುಹಾಕಿ. ಅಪ್ಪ ಅಮ್ಮನನ್ನೂ ಜೊತೆಗೆ ಕೂರಿಸಿಕೊಳ್ಳಿ, ಶುಲ್ಕದ ಮಾತು ಆಗಲೇ ಮುಗಿಯಲಿ.

ನಂತರ ಕಾಲೇಜು. ದಾವಣಗೆರೆಯ ಯುಬಿಡಿಟಿ ವಿಟಿಯುನ ಘಟಕ ಕಾಲೇಜು, ಬಿಐಇಟಿ ಖಾಸಗಿ, ಚಿತ್ರದುರ್ಗದಲ್ಲಿ ಎಸ್‌ಜೆಎಂಐಟಿ ಇದೆ. ಶುಲ್ಕ ಒಂದೊಂದರಲ್ಲಿ ಒಂದೊಂದು. ಪೋರ್ಟಲ್‌ನಲ್ಲಿ ಪ್ರತಿ ಆಪ್ಷನ್ ಎದುರು ತೋರಿಸುವ ಮೊತ್ತವನ್ನು ನೋಟ್‌ಬುಕ್‌ಗೆ ಇಳಿಸಿ, ಅದಕ್ಕೆ ಹಾಸ್ಟೆಲ್ ಅಥವಾ ಬಸ್ ಖರ್ಚು ಸೇರಿಸಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ ಉಚಿತ, ಆದರೆ ನಮ್ಮ ಕಡೆ ಹಲವು ಊರುಗಳಿಗೆ ಓಡುವ ಖಾಸಗಿ ಬಸ್‌ಗೆ ಅದು ಅನ್ವಯಿಸುವುದಿಲ್ಲ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇದ್ದರೆ ಎಸ್‌ಎನ್‌ಕ್ಯೂ (ಕಡಿಮೆ ಆದಾಯದ ಕುಟುಂಬಗಳಿಗೆ ಇಟ್ಟಿರುವ ಹೆಚ್ಚುವರಿ) ಸೀಟಿಗೂ ಕೋರಿಕೆ ಇರಲಿ. ಅದಕ್ಕೆ ಬೋಧನಾ ಶುಲ್ಕವಿಲ್ಲ.

ಇನ್ನು ಕ್ರಮ. ಹೆಚ್ಚು ಮಕ್ಕಳು ಎಡವುವುದು ಇಲ್ಲೇ. ಕಂಪ್ಯೂಟರ್ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ನೋಡುತ್ತದೆ, ಖಾಲಿ ಇರುವ ಮೊದಲ ಸೀಟು ಕೊಡುತ್ತದೆ, ಅದರ ಕೆಳಗಿನ ಆಪ್ಷನ್‌ಗಳು ರದ್ದಾಗುತ್ತವೆ. ಖಂಡಿತ ಸಿಗುವುದನ್ನೇ ಭಯದಿಂದ ಮೇಲೆ ಬರೆದರೆ ಅದೇ ಗಂಟು ಬೀಳುತ್ತದೆ, ಆಸೆಪಟ್ಟದ್ದು ಕೆಳಗೆ ಉಳಿದು ಹೋಗುತ್ತದೆ. ಮೇಲೆ ದೊಡ್ಡ ಆಸೆ ಬರೆದರೆ ಕಳೆದುಕೊಳ್ಳುವುದು ಏನೂ ಇಲ್ಲ. ಕೆಳಗೆ ಮಾತ್ರ ಸಿಗಬಹುದಾದ ಸೀಟುಗಳು ಸಾಕಷ್ಟಿರಲಿ. ಸಿಕ್ಕರೂ ಸೇರುವುದಿಲ್ಲ ಎನ್ನುವಂಥದ್ದನ್ನು ಸೇರಿಸಲೇಬೇಡಿ.

ಹಿಂದಿನ ವರ್ಷದ ಕಟ್‌ಆಫ್ ನೋಡುವಾಗ ನಿಮ್ಮ ಮೀಸಲಾತಿ ಕೋಡ್ ಹುಡುಕಿ: 2ಎಜಿ, 2ಎಆರ್, 2ಎಕೆ ಬೇರೆ ಬೇರೆ ಸಾಲುಗಳು. 2ಎ ಹಿಂದುಳಿದ ವರ್ಗದ ಒಂದು ಪ್ರವರ್ಗ, ಜಿ ಎಂದರೆ ಸಾಮಾನ್ಯ, ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ ಮಾಧ್ಯಮ. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ಹತ್ತೂ ವರ್ಷಗಳ ಪ್ರಮಾಣಪತ್ರ ಬೇಕು. ಜಗಳೂರು ಕಡೆಯ ಹಳ್ಳಿಯಲ್ಲಿ ಓದಿ, ಎಸ್‌ಎಸ್‌ಎಲ್‌ಸಿಗಷ್ಟೇ ದಾವಣಗೆರೆ ನಗರದ ಶಾಲೆಗೆ ಬಂದಿದ್ದರೆ ಗ್ರಾಮೀಣ ಮೀಸಲಾತಿ ಸಿಗದು.

ನಿಜವಾದ ಸೀಟು ಹಂಚಿಕೆಗೆ ಮೊದಲು ಪರೀಕ್ಷಾರ್ಥವಾಗಿ ಮಾಡುವ ಅಣಕು ಹಂಚಿಕೆಯ ಫಲಿತಾಂಶವೇ ಕೊನೆಯಲ್ಲ. ಅದನ್ನು ನೋಡಿ ಪಟ್ಟಿಯ ಕ್ರಮ ಬದಲಿಸಬಹುದು, ಹೊಸ ಆಪ್ಷನ್ ಸೇರಿಸಬಹುದು.

ನಿಜವಾದ ಹಂಚಿಕೆಯಲ್ಲಿ ಸೀಟು ಸಿಕ್ಕ ನಂತರ ಪೋರ್ಟಲ್‌ನಲ್ಲಿ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತಬೇಕು. ಚಾಯ್ಸ್ 1 ಎಂದರೆ ಒಪ್ಪಿ ಸೇರುವುದು. ಚಾಯ್ಸ್ 2ರಲ್ಲಿ ಸಿಕ್ಕಿದ್ದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುತ್ತೀರಿ. ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ. ಚಾಯ್ಸ್ 3ರಲ್ಲಿ ಸಿಕ್ಕಿದ್ದನ್ನು ಬಿಟ್ಟುಕೊಟ್ಟು ಕಾಯಬೇಕು, ಹಾಗಾಗಿ ಮನೆಯವರೊಂದಿಗೆ ಮಾತಾಡದೆ ಒತ್ತಬೇಡಿ. ಚಾಯ್ಸ್ 4 ಒತ್ತಿದರೆ ಪ್ರಕ್ರಿಯೆಯಿಂದಲೇ ಹೊರಗೆ. ಚಾಯ್ಸ್ 1 ಒತ್ತಿದವರು ಶುಲ್ಕ ಕಟ್ಟಿ, ಪ್ರವೇಶ ಆದೇಶ ಪತ್ರ (ಅಡ್ಮಿಷನ್ ಆರ್ಡರ್) ಇಳಿಸಿಕೊಂಡು, ಕೊನೆಯ ದಿನದೊಳಗೆ ಮೂಲ ದಾಖಲೆಗಳೊಂದಿಗೆ ಕಾಲೇಜಿಗೆ ಹಾಜರಾಗಬೇಕು. ತಪ್ಪಿದರೆ ಸೀಟು ರದ್ದು.