ತೂಬಿನ ಲೆಕ್ಕ ಕೇಳಿದ ಕತೆ

ವಿಧಾನಸಭೆಯ ಹೋದ ಅಧಿವೇಶನದಲ್ಲಿ, ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬುಗಳ ರಿಪೇರಿ ಬಗ್ಗೆ ನಾವು ಹಾಕಿದ ಪ್ರಶ್ನೆಗೆ ಬಂದ ಉತ್ತರದ ಅನುಬಂಧ ಹದಿನಾಲ್ಕು ಪುಟ ಇತ್ತು. ಕೆರೆಯ ಹೆಸರು, ಸರ್ವೆ ನಂಬರ್, ಗುತ್ತಿಗೆದಾರರ ಹೆಸರು, ಅಂದಾಜು ಮೊತ್ತ, ಬಿಲ್ ಪಾವತಿಯಾದ ತಾರೀಕು, ಎಲ್ಲ ಇತ್ತು. ಇಷ್ಟಕ್ಕೆ ಮೂರು ವರ್ಷ ಹಿಡಿಯಿತು. ‘ಅಣ್ಣಾ, ಪ್ರಶ್ನೆ ಹಾಕಿದ್ರೆ ಕೆರೆ ತೂಬು ರಿಪೇರಿ ಆಗತ್ತಾ?’ ಅಂತ ಶಾಸಕರ ಭವನದಲ್ಲಿ ಬೇರೆ ಆಪ್ತ ಸಹಾಯಕರು ಕೇಳುತ್ತಿದ್ದರು. ಆಯಿತು. ಹೇಗಾಯಿತು ಅನ್ನೋದನ್ನ ಬರೆಯುತ್ತಿದ್ದೇನೆ.

ನಾನು ಕೋಲಾರ ಜಿಲ್ಲೆಯ ಒಬ್ಬ ಶಾಸಕರಿಗೆ ಪ್ರಶ್ನೆ ಬರೆದುಕೊಡುವವನು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಎದ್ದು ಉತ್ತರ ಹೇಳಬೇಕು, ಚುಕ್ಕೆ ಗುರುತಿಲ್ಲದ್ದಕ್ಕೆ ಬರಹದ ಉತ್ತರ ಬರುತ್ತೆ. ಹದಿನೈದು ದಿನ ಮೊದಲೇ ಸೂಚನೆ ಕೊಡಬೇಕು, ಸದನದಲ್ಲಿ ಯಾರ ಪ್ರಶ್ನೆ ಬರುತ್ತೆ ಅನ್ನೋದು ಲಾಟರಿ.

ಮೊದಲ ಪ್ರಶ್ನೆಯನ್ನು ಎಲ್ಲರ ಹಾಗೆ ಬರೆದೆ. ‘ಜಿಲ್ಲೆಯ ಕೆರೆಗಳ ತೂಬು ಮತ್ತು ಕೋಡಿಗಳು ಹಾಳಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ; ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಉತ್ತರ: ‘ಬಂದಿದೆ. ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು.’ ಮುಗಿಯಿತು. ಎರಡನೇ ಸಲ ದುಡ್ಡು ಕೇಳಿದೆ, ಎಷ್ಟು ಬಿಡುಗಡೆ, ಎಷ್ಟು ಖರ್ಚು ಅಂತ. ಇಡೀ ಜಿಲ್ಲೆಗೆ ಒಂದೇ ಮೊತ್ತ ಬರೆದು ಕಳಿಸಿದರು. ಆ ಮೊತ್ತ ಹಿಡಿದುಕೊಂಡು ಯಾವ ಕೆರೆ ಏರಿ ಮೇಲೆ ನಿಲ್ಲಬೇಕು?

ಮೂರನೆಯದು ಬೆಳಗಾವಿಯಲ್ಲಿ. ಚುಕ್ಕೆ ಗುರುತಿನ ಪ್ರಶ್ನೆ, ಲಾಟರಿಯಲ್ಲೂ ಬಂತು. ಉಪಪ್ರಶ್ನೆಗಳನ್ನೆಲ್ಲ ಟೈಪ್ ಮಾಡಿಸಿ ಫೈಲ್ ಹೊತ್ತುಕೊಂಡು ಸುವರ್ಣ ವಿಧಾನಸೌಧಕ್ಕೆ ಹೋದೆವು. ಅವತ್ತು ಸದನದಲ್ಲಿ ಗದ್ದಲ. ಪ್ರಶ್ನೋತ್ತರ ನಡೆಯಲೇ ಇಲ್ಲ. ಉತ್ತರವನ್ನು ಮಂಡಿಸಿದರು, ಅದರಲ್ಲಿ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಅಂತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆವತ್ತಿಂದ ಕೆರೆ ವಿಷಯಕ್ಕೆ ಚುಕ್ಕೆ ಗುರುತಿಲ್ಲದ ಪ್ರಶ್ನೆಯೇ ಸರಿ ಅಂತ ತೀರ್ಮಾನ ಮಾಡಿದೆ. ನಮ್ಮ ಸಾಹೇಬರಿಗೆ ಇದು ಇಷ್ಟವಿರಲಿಲ್ಲ. ಸದನದಲ್ಲಿ ಎದ್ದು ನಿಂತು ಕೇಳಿದರೆ ಪೇಪರಲ್ಲಿ ಬರುತ್ತೆ, ಬರಹದ ಉತ್ತರ ಯಾರು ಓದುತ್ತಾರೆ ಅಂದರು. ‘ನಾನು ಓದ್ತೀನಿ ಸಾರ್, ಒಂದು ವರ್ಷ ಬಿಡಿ’ ಅಂದೆ. ಬಿಟ್ಟರು.

ಆಮೇಲೆ ಪ್ರಶ್ನೆಯನ್ನು ಚಿಕ್ಕದು ಮಾಡಿದೆ. ಜಿಲ್ಲೆ ಬೇಡ, ಒಂದೇ ತಾಲ್ಲೂಕು. ಹತ್ತು ವರ್ಷ ಬೇಡ, ಮೂರೇ ವರ್ಷ. ‘ಕ್ರಮವೇನು’ ಅನ್ನುವ ಮಾತೇ ಬೇಡ. ಕೆರೆವಾರು ಪಟ್ಟಿ ಕೊಡಿ, ಅಷ್ಟೇ. ಆದರೂ ಒಂದು ಅಧಿವೇಶನ ಕಳೆದುಕೊಂಡೆ, ನನ್ನದೇ ತಪ್ಪಿಂದ. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ (ಕೆರೆ ನೀರು ಹರಿಯುವ ಜಮೀನಿನ) ಕೆರೆ ಪಂಚಾಯಿತಿ ಕಡೆ, 40ರಿಂದ 2,000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿ ಇಲಾಖೆ ಕಡೆ. ಒಬ್ಬರನ್ನೇ ಕೇಳಿದ್ದೆ. ಅರ್ಧ ಕೆರೆಗಳಿಗೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಬಂತು. ಈಗ ಒಂದೇ ಪ್ರಶ್ನೆಯನ್ನು ಅಕ್ಷರ ಬದಲಿಸದೆ ಇಬ್ಬರಿಗೂ ಹಾಕುತ್ತೇನೆ.

ಪಟ್ಟಿ ಕೈಗೆ ಬಂದ ಮೇಲೆಯೇ ನಿಜವಾದ ಕೆಲಸ. ಸುಮಾರು ನಲವತ್ತು ಕೆರೆ. ಒಂದು ಊರಿನ ಹಳೇ ನೀರಗಂಟಿಯನ್ನು, ಅಂದರೆ ಕೆರೆ ನೀರು ಬಿಡುವ ಕೆಲಸ ಮಾಡುತ್ತಿದ್ದವರನ್ನು, ಬೈಕ್ ಹಿಂದೆ ಕೂರಿಸಿಕೊಂಡು ಹೊರಟೆ. ಎಪ್ಪತ್ತು ದಾಟಿದ ಹಿರಿಯರು. ಯಾವ ತೂಬಿನ ಕಲ್ಲು ಯಾವಾಗ ಜರುಗಿತು ಅಂತ ಅವರಿಗೆ ಬಾಯಿಪಾಠ. ಒಂದು ಕೆರೆಯಲ್ಲಿ ತೂಬಿನ ಹತ್ತಿರ ಕೂತು ಕೈ ಹಾಕಿ ನೋಡಿದರು. ‘ಇದನ್ನ ಯಾರೂ ಮುಟ್ಟಿಲ್ಲಪ್ಪ, ನಮ್ಮಪ್ಪನ ಕಾಲದ ಗಾರೆ ಹಂಗೇ ಐತೆ’ ಅಂದರು. ಪಟ್ಟಿಯಲ್ಲಿ ಆ ಕೆರೆ ಮುಂದೆ ‘ಪೂರ್ಣಗೊಂಡಿದೆ’ ಅಂತಿತ್ತು, ಬಿಲ್ಲೂ ಆಗಿತ್ತು. ಹೀಗೆ ಹನ್ನೊಂದು ಸಿಕ್ಕವು. ಯಾವ ತಾಲ್ಲೂಕು, ಯಾರ ಬಿಲ್ಲು ಅಂತ ಇಲ್ಲಿ ಬರೆಯಲ್ಲ.

ಆ ಹನ್ನೊಂದಕ್ಕೆ ಅಂದಾಜು ಪಟ್ಟಿ, ಆದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕದ ಪ್ರತಿ ಬೇಕಿತ್ತು. ಆರ್‌ಟಿಐ ಹಾಕಿದೆ. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ನಮ್ಮ ರಾಜ್ಯದಲ್ಲಿ 150 ಪದ, ಒಂದೇ ವಿಷಯ ಅನ್ನೋ ನಿಯಮ ಇರೋದ್ರಿಂದ ಕೆರೆಗೊಂದು ಅರ್ಜಿ. ಪ್ರತಿ, ಜೆರಾಕ್ಸ್ ಎಲ್ಲ ಸೇರಿ ಮೂರೂವರೆ ಸಾವಿರ, ಪೆಟ್ರೋಲ್‌ಗೆ ಆರೇಳು ಸಾವಿರ ಆಗಿರಬೇಕು. ಮೊದಲು ನನ್ನ ಜೇಬಿಂದಲೇ ಹೋಯಿತು. ಹೆಂಡತಿ ಸರಿಯಾಗಿಯೇ ಕೇಳಿದಳು, ‘ಇದು ನಿಮ್ಮ ಸಂಬಳದ ಕೆಲಸಾನಾ?’ ಸಾಹೇಬರು ಆಮೇಲೆ ಅರ್ಧ ಕೊಟ್ಟರು.

ಮಧ್ಯೆ ಬೇರೆ ಕಡೆಗೂ ಕೈ ಹಾಕಿದೆ. ಸಕಲೇಶಪುರದ ಕಡೆಯಿಂದ ಕೋಲಾರದ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆಯ ಅಂದಾಜು ವೆಚ್ಚ 2012ರಲ್ಲಿ 8,323 ಕೋಟಿ, 2014ರಲ್ಲಿ 12,912 ಕೋಟಿ, 2023ರಲ್ಲಿ 23,251 ಕೋಟಿ. ಯಾವ ಬಾಬಿಗೆ ಎಷ್ಟು ಏರಿತು ಅಂತ ಕೇಳಿ ದೊಡ್ಡ ಪ್ರಶ್ನೆ ಬರೆದೆ. ಸಾಹೇಬರ ಭಾಷಣಕ್ಕೆ ಸಾಮಗ್ರಿ ಆಯಿತು, ನಿಜ. ಆದರೆ ಕೋಲಾರದಲ್ಲಿ ಕೂತು ಸಕಲೇಶಪುರದ ಕಾಮಗಾರಿಯನ್ನು ನಾನು ಅಳೆಯೋಕಾಗಲ್ಲ ಅಲ್ವಾ. ಅದಕ್ಕಿಂತ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ ವಾಸಿ. ದಿನಕ್ಕೆ 440 ದಶಲಕ್ಷ ಲೀಟರ್ ಅನ್ನೋದು ಯೋಜನೆಯ ಲೆಕ್ಕ. ಲಕ್ಷ್ಮೀಸಾಗರ ಕೆರೆಗೆ ತಿಂಗಳುವಾರು ಬಂದದ್ದೆಷ್ಟು ಅಂತ ಒಂದು ಕರಡು ಬರೆದಿಟ್ಟಿದ್ದೇನೆ.

ಹನ್ನೊಂದು ಕೆರೆಗೆ ವಾಪಸ್ ಬರುತ್ತೇನೆ. ಮುಂದಿನ ಅಧಿವೇಶನಕ್ಕೆ ಇಲಾಖೆಯವರ ಉತ್ತರವನ್ನೇ ಹಿಡಿದು ಕೇಳಿದೆ. ಇಂಥ ದಿನ ನೀಡಿದ ಉತ್ತರದ ಅನುಬಂಧದ ಇಂಥ ಕ್ರಮ ಸಂಖ್ಯೆಯ ಕಾಮಗಾರಿಯನ್ನು ಅಳತೆ ಮಾಡಿದ ತಾರೀಕು ಯಾವುದು, ಮಾಡಿದ ಅಧಿಕಾರಿಯ ಹುದ್ದೆ ಯಾವುದು? ಇದರ ಕೊನೆಗೆ ಇನ್ನೊಂದು ಉಪಭಾಗ ಇರುತ್ತೆ. ಅದನ್ನೂ, ಯಾವ ದಿನ ಸೂಚನೆ ಕೊಡುತ್ತೇನೆ ಅನ್ನೋದನ್ನೂ ಹೇಳಲ್ಲ. ಹತ್ತು ಜನ ಅದನ್ನೇ ಮಾಡಿದರೆ ಅದರ ಮೊನೆ ಹೋಗುತ್ತೆ.

ಉತ್ತರ ಬರಬೇಕಾದ ದಿನಕ್ಕೆ ಇನ್ನೂ ಒಂದು ವಾರ ಇತ್ತು. ಬೆಳಿಗ್ಗೆ ಆರಕ್ಕೇ ನೀರಗಂಟಿಯವರು ಫೋನ್ ಮಾಡಿದರು. ‘ಸಿಮೆಂಟು, ಜಲ್ಲಿ ಟ್ರ್ಯಾಕ್ಟರಲ್ಲಿ ಬಂದೈತೆ ಕಣಪ್ಪ, ಬೇಗ ಬಾ.’ ಹೋಗಿ ನೋಡಿದೆ. ತೂಬು ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದರು. ಆ ಮಳೆಗಾಲ ಆ ಕೆರೆ ಕೆಳಗೆ ರಾಗಿ ಬಿಟ್ಟು ಭತ್ತ ನಾಟಿ ಮಾಡಿದವರಿದ್ದಾರೆ.

ಹನ್ನೊಂದರಲ್ಲಿ ಒಂಬತ್ತು ಆಗಿವೆ. ಉಳಿದ ಎರಡರ ಪ್ರಶ್ನೆ ಟೈಪ್ ಆಗಿದೆ, ಸಾಹೇಬರ ಸಹಿ ಬಾಕಿ.